ಕಂದು ತಿರುಗಿದ ಗಾಜು

ಮೇಣದ ಪಟ್ಟಿ ಬ್ಲೇಡಿನಿಂದ ಕಳಚಿಕೊಂಡು ಸುರುಳಿಯಾಗತೊಡಗಿತ್ತು. ಫ್ರೆಸಿಯಾ ಉಸಿರು ಬಿಗಿಹಿಡಿದು, ಸಣ್ಣ ಕುಂಚದ ತುದಿಯಿಂದ ಅದನ್ನು ಬಿಡಿಸಿ, ಬಿಸಿನೀರಿನ ತಟ್ಟೆಯ ಮೇಲೆ ತೇಲಿಬಿಟ್ಟಳು. ನೀರು ತಾಗಿದೊಡನೆ ಅದು ಮೈಚಾಚಿ ಮಲಗಿತು. ಒಂದು ಮೂಲೆಯಲ್ಲಿ ಸುಕ್ಕಿತ್ತು. ಕುಂಚದಿಂದ ಮೆಲ್ಲಗೆ ತಟ್ಟಿ ಬಿಡಿಸಿದಳು. ಈ ಕೆಲಸದಲ್ಲಿ ಉಸಿರು ಬಿಡುವುದಕ್ಕೂ ಸಮಯ ನೋಡಬೇಕು. ಪಕ್ಕದಲ್ಲಿ ನಿಂತವರು ಸೀನಿದರೆ ಮಾಡಿದ್ದೆಲ್ಲ ಹಾರಿಹೋಗುತ್ತದೆ.

ತೇಲುತ್ತಿದ್ದ ಪಟ್ಟಿಯ ಕೆಳಗೆ ಗಾಜನ್ನು ಓರೆಯಾಗಿ ಇಳಿಸಿ, ಮೇಲೆತ್ತಿಕೊಂಡಳು. ಗಾಜಿನ ಮೇಲೆ ಉಗುರಿನಷ್ಟಗಲದ ಮಸುಕು ಕಲೆ ಕೂತಿತು. ಅದು ಯಾರದೋ ಮೂತ್ರಕೋಶದ ಒಳಗೋಡೆಯಿಂದ ಕೆರೆದು ತೆಗೆದ ಗಡ್ಡೆಯ ಚೂರು.

ಯಾರದೋ ಎಂದುಕೊಳ್ಳುವುದು ಇಷ್ಟು ವರ್ಷಗಳ ಅಭ್ಯಾಸ. ಆದರೆ ಇವತ್ತಿನ ಚೂರು ಯಾರದೆಂದು ಅವಳಿಗೆ ಗೊತ್ತಿತ್ತು. ಅಧ್ಯಯನಕ್ಕೆಂದು ಡಾಕ್ಟರು ಹೆಸರುಗಳನ್ನೆಲ್ಲ ತೆಗೆದು ಹೊಸ ಸಂಖ್ಯೆ ಕೊಟ್ಟಿದ್ದರು. ಚೂರನ್ನು ಹೂತಿಟ್ಟ ಮೇಣದ ಬಿಲ್ಲೆಯ ಅಂಚಿನಲ್ಲಿ ಮಾತ್ರ ಆಸ್ಪತ್ರೆಯ ಹಳೆಯ ಸಂಖ್ಯೆ ಹಾಗೇ ಉಳಿದಿತ್ತು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಆ ಚೂರನ್ನು ಡಬ್ಬಿಯಲ್ಲಿ ಹಿಡಿದು ಮೆಟ್ಟಿಲೇರಿ ತಂದವಳು ತಾನೇ. ಅದು ಅವಳ ಅಕ್ಕ ನೆಲ್ದಾಳದು.

ಮರುಭೂಮಿಯ ಅಂಚಿನ ಕಡಲೂರು ಆಂತೋಫಗಾಸ್ತಾದ ಈ ಆಸ್ಪತ್ರೆಗೆ ಮೂತ್ರಕೋಶದ ಚೂರುಗಳು ಬರುವಷ್ಟು ದೇಶದ ಬೇರೆ ಊರುಗಳ ಆಸ್ಪತ್ರೆಗಳಿಗೆ ಬರುವುದಿಲ್ಲ. ಯಾಕೆಂದು ಊರಿನವರು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಬೆಟ್ಟಸಾಲಿನಿಂದ ಕೊಳವೆಯಲ್ಲಿ ಇಳಿದು ಬರುತ್ತಿದ್ದ ನದಿಯ ನೀರಿನಲ್ಲಿ ಆರ್ಸೆನಿಕ್ ಇತ್ತು. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಮಳೆಯೇ ಕಾಣದ ಊರಿಗೆ ನಲ್ಲಿಯಲ್ಲಿ ನೀರು ಬಂತೆಂದು ಜನ ಕುಣಿದಾಡಿದ್ದರು. ಶುದ್ಧ ಮಾಡುವ ಘಟಕ ಬಂದದ್ದು ಹನ್ನೆರಡು ವರ್ಷಗಳ ಮೇಲೆ. ಆ ನೀರು ಕುಡಿದ ಮಕ್ಕಳು ಈಗ ಮುದುಕರಾಗುತ್ತಿದ್ದಾರೆ, ಒಬ್ಬೊಬ್ಬರಾಗಿ ಈ ಕೋಣೆಗೆ ಬರುತ್ತಿದ್ದಾರೆ, ಮೇಣದಲ್ಲಿ ಹೂತುಕೊಂಡು.

ನೆಲ್ದಾ ಹುಟ್ಟಿದ್ದು ಆ ನೀರಿನ ಕಾಲದಲ್ಲಿ. ಅಮ್ಮ ಕ್ಲೋರಿಂದಾಳಿಗೆ ಚೊಚ್ಚಲ ಮಗುವಿನ ಮೇಲೆ ಎಲ್ಲಿಲ್ಲದ ಜಾಗ್ರತೆ. ನೀರನ್ನು ಕುದಿಸಿ ಕುದಿಸಿ ಅರ್ಧಕ್ಕೆ ಇಳಿಸಿ, ಅದರಲ್ಲಿ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದಳು. ಕುದಿಸಿದರೆ ಕ್ರಿಮಿ ಸಾಯುತ್ತದೆ ಎಂದು ದಾದಿಯರು ಹೇಳಿದ್ದರು. ಕ್ರಿಮಿಯೇನೋ ಸತ್ತಿತು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ವಿಷ ಗಟ್ಟಿಯಾಗುತ್ತಿತ್ತು ಎಂದು ತಿಳಿಯುವ ಹೊತ್ತಿಗೆ ನೆಲ್ದಾಳ ಬೆನ್ನು, ಎದೆ, ತೋಳುಗಳ ಮೇಲೆ ಉಪ್ಪುಮೆಣಸು ಉದುರಿಸಿದಂತೆ ಕಪ್ಪು ಬಿಳಿ ಚುಕ್ಕೆಗಳು ಎದ್ದಿದ್ದವು. ಫ್ರೆಸಿಯಾ ಹುಟ್ಟಿದ್ದು ಘಟಕ ಬಂದ ಮೇಲೆ. ಅಷ್ಟರಲ್ಲಿ ಅಮ್ಮನಿಗೆ ದಣಿವು ಹತ್ತಿತ್ತು. ನಲ್ಲಿಯ ನೀರನ್ನು ಹಾಗೆಹಾಗೇ ಹಿಡಿದು ಕೊಟ್ಟು ಬೆಳೆಸಿದಳು. ಅಕ್ಕರೆ ಸಿಕ್ಕವಳ ಮೈಯಲ್ಲಿ ಚುಕ್ಕೆ ಉಳಿಯಿತು, ಉದಾಸೀನ ಸಿಕ್ಕವಳದು ನುಣುಪಾಗಿ ಬೆಳೆಯಿತು. ಫ್ರೆಸಿಯಾ ಬುದ್ಧಿ ಬಂದಾಗಿನಿಂದ ಅಕ್ಕನ ಎದುರು ತೋಳಿಲ್ಲದ ಅಂಗಿ ತೊಟ್ಟವಳಲ್ಲ.

ಗಾಜುಗಳನ್ನು ಬಿಸಿ ಪೆಟ್ಟಿಗೆಯಲ್ಲಿ ಒಣಗಲು ಇಟ್ಟಳು. ಊಟವಾದ ಮೇಲೆ ಬಣ್ಣಕ್ಕೆ ಹಾಕಿದಳು.

ಅಧ್ಯಯನ ಒಂದು ಪ್ರೋಟೀನಿನ ಬಗ್ಗೆ. ಗಡ್ಡೆಯ ಜೀವಕೋಶಗಳಲ್ಲಿ ಆ ಪ್ರೋಟೀನು ಗುಡ್ಡೆಯಾಗಿದ್ದರೆ ಬಣ್ಣ ಅದನ್ನು ಹುಡುಕಿ ಹಿಡಿದು ಕಂದಾಗುತ್ತದೆ, ಇಲ್ಲದಿದ್ದರೆ ಬರಿಯ ತಿಳಿನೀಲಿ. ಕಂದಾದವರಲ್ಲಿ ಕಾಯಿಲೆ ಮುಂದಕ್ಕೆ ನುಗ್ಗುವುದು ಹೆಚ್ಚು ಎಂದು ಬೇರೆ ದೇಶಗಳಲ್ಲಿ ಕೆಲವರು ಹೇಳಿದ್ದಾರೆ, ಕೆಲವರು ಅಲ್ಲವೆಂದಿದ್ದಾರೆ. ಆರ್ಸೆನಿಕ್ ನೀರು ಕುಡಿದ ಈ ಊರಿನವರಲ್ಲಿ ಏನಾಗುತ್ತದೆಂದು ನೋಡಲು ಹೊರಟವಳು ಡಾಕ್ಟರ್ ಪಾವೆಸ್. ತೆಮುಕೋ ಕಡೆಯ ಹೆಣ್ಣುಮಗಳು, ಮಳೆಯ ಊರಿನವಳು. ಇಲ್ಲಿಗೆ ಬಂದ ಮೇಲೆ ಕಾಮಾಂಚಾಕಾ ಮಂಜು ಇಳಿದ ಬೆಳಿಗ್ಗೆಯೆಲ್ಲ ಮಳೆ ಬಂತೆಂದು ಕಿಟಕಿಗೆ ಓಡುತ್ತಿದ್ದಳೆಂದು ಎಲ್ಲರೂ ನಗುತ್ತಿದ್ದರು.

ಸಂಜೆ ಹೊತ್ತಿಗೆ ಗಾಜು ಸಿದ್ಧವಾಯಿತು. ಸೂಕ್ಷ್ಮದರ್ಶಕದ ಕೆಳಗೆ ಇಡುವುದೂ ಬೇಕಾಗಲಿಲ್ಲ. ಬೆಳಕಿಗೆ ಹಿಡಿದರೆ ಸಾಕು, ಬರಿಗಣ್ಣಿಗೇ ಕಾಣುತ್ತಿತ್ತು. ಕಲೆಯ ತುಂಬ ಕಂದು, ಹಾಲು ಹಾಕದ ಕಾಫಿಯಷ್ಟು ಗಾಢ.

ಡಾಕ್ಟರ್ ಪಾವೆಸ್ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ನೋಡಿ, "ಅಯ್ಯೋ, ಎಷ್ಟು ಚಂದ!" ಎಂದಳು.

ಫ್ರೆಸಿಯಾ ಬಣ್ಣದ ಬಾಟಲಿಗಳ ಮುಚ್ಚಳ ಬಿಗಿದಳು.

"ಬನ್ನಿ ಸೆನ್ಯೋರಾ ಫ್ರೆಸಿಯಾ, ನೀವೇ ನೋಡಿ. ಒಂದು ಜೀವಕೋಶವೂ ಬಿಟ್ಟಿಲ್ಲ. ಇಷ್ಟು ಚೆನ್ನಾಗಿ ಕಂದು ಬಂದದ್ದನ್ನ ನಾನು ಕಂಡೇ ಇಲ್ಲ. ನಮ್ಮ ಹಳೇ ಸಾಕ್ಷಿ ಬಿಲ್ಲೆ ಮುಗೀತಾ ಬಂತು ಅಂತಿದ್ರಲ್ಲ?"

"ಇನ್ನೊಂದು ನಾಲ್ಕು ಸೀಳು ಬರಬಹುದು ಡಾಕ್ಟ್ರೇ."

"ಹಾಗಾದ್ರೆ ಇದನ್ನೇ ಇಟ್ಕೊಳ್ಳೋಣ."

ಪ್ರತಿ ಸಲ ಬಣ್ಣ ಹಾಕುವಾಗ, ಕಂದಾಗಿಯೇ ತೀರುತ್ತದೆ ಎಂದು ಖಾತ್ರಿಯಿರುವ ಒಂದು ಚೂರನ್ನು ರೋಗಿಯ ಚೂರಿನ ಪಕ್ಕದಲ್ಲೇ ಗಾಜಿನ ಅಂಚಿನಲ್ಲಿ ಕೂರಿಸುವುದು ಇಲ್ಲಿಯ ಕ್ರಮ. ಅದು ಕಂದಾದರೆ ಬಣ್ಣ ಸರಿಯಾಗಿದೆ ಎಂದರ್ಥ. ಆಗದಿದ್ದರೆ ಆ ದಿನದ ಕೆಲಸವೆಲ್ಲ ತಿಪ್ಪೆಗೆ. ಅದಕ್ಕೆ ಸಾಕ್ಷಿ ಎಂದು ಹೆಸರು. ಹಳೆಯ ಸಾಕ್ಷಿ ಯಾರೋ ಬಂದರಿನ ಹಮಾಲಿಯದಂತೆ. ಅವನು ಸತ್ತು ಎಷ್ಟೋ ಕಾಲವಾಗಿತ್ತು. ಅವನ ಗಡ್ಡೆ ಮಾತ್ರ ನಿಯತ್ತಾಗಿ ಕಂದಾಗುತ್ತ ಬಂದಿತ್ತು.

ಫ್ರೆಸಿಯಾ ಕೈ ಒರೆಸಿಕೊಳ್ಳುತ್ತ ಕೇಳಿದಳು. "ಡಾಕ್ಟ್ರೇ, ಇಷ್ಟು ಕಂದು ಬಂದೋರ ಗತಿ ಏನು?"

"ಅದನ್ನೇ ತಾನೇ ನಾವು ಹುಡುಕ್ತಿರೋದು? ನೋಡಿ, ನೂರು ಜನರನ್ನ ಸಾಲಾಗಿ ನಿಲ್ಲಿಸಿದ್ರೆ ಈ ಬಣ್ಣದವರಲ್ಲಿ ಜಾಸ್ತಿ ಜನ ಬೇಗ ಬೀಳ್ತಾರೆ ಅಂತ ನನ್ನ ಅಂದಾಜು. ಒಬ್ಬರನ್ನೇ ನಿಲ್ಲಿಸಿ ಕೇಳಿದ್ರೆ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ."

"ಅವರಿಗೆ ಚಿಕಿತ್ಸೆ ಕೊಡೋ ಡಾಕ್ಟರಿಗೆ ತಿಳಿಸೋ ಹಾಗಿಲ್ವಾ?"

"ಏನಂತ ತಿಳಿಸ್ಲಿ? ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳೋದಾ?" ಡಾಕ್ಟರ್ ಪಾವೆಸ್ ತಲೆಯೆತ್ತಿ ಅವಳ ಮುಖ ನೋಡಿದಳು. ಒಂದು ಕ್ಷಣ ಏನೋ ಕೇಳುವವಳಂತೆ ಕಂಡಳು. ಕೇಳಲಿಲ್ಲ. ಮೃದುವಾಗಿ, "ನೀವು ದಣಿದಿದ್ದೀರಿ. ಸೋಮವಾರ ಕುಯ್ದರಾಯ್ತು," ಎಂದಳು.

"ಈಗಲೇ ಕುಯ್ದಿಡ್ತೀನಿ," ಎಂದು ಫ್ರೆಸಿಯಾ ಯಂತ್ರದ ಮುಂದೆ ಕೂತಳು.

ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಚಕ್ರ ತಿರುಗಿಸಿದಂತೆಲ್ಲ ಅಕ್ಕ ಒಂದೊಂದೇ ಪದರವಾಗಿ ಬ್ಲೇಡಿನಿಂದ ಜಾರಿ ಬಂದಳು. ಇನ್ನು ಮೇಲೆ ಈ ಊರಿನಲ್ಲಿ ಯಾರ ಚೂರಿಗೆ ಬಣ್ಣ ಹಾಕಿದರೂ ಮೊದಲು ನೆಲ್ದಾ ಕಂದಾಗಬೇಕು. ಬಿಲ್ಲೆಯಲ್ಲಿ ಇನ್ನೂ ಬೇಕಾದಷ್ಟಿತ್ತು. ಹಮಾಲಿಯದು ಬಂದಂತೆ ಇದೂ ಬಹಳ ಕಾಲ ಬಂದೀತು. ಅಕ್ಕ ಎಷ್ಟು ಕಾಲ ಬರುತ್ತಾಳೋ. ಆ ಯೋಚನೆ ಬಂದಾಗ ಅವಳ ಕೈ ತಪ್ಪಿತು, ಪಟ್ಟಿಯೊಂದು ಹರಿದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಕಸದ ಬುಟ್ಟಿಗೆ ಹಾಕಲಾಗದೆ ಅಂಗಿಯ ಜೇಬಿಗೆ ಹಾಕಿಕೊಂಡಳು.

ನೆಲ್ದಾಳ ಮುಂದೆ ಎರಡು ದಾರಿಗಳಿದ್ದವು. ಗಡ್ಡೆ ಇನ್ನೂ ಮೂತ್ರಕೋಶದ ಮಾಂಸಖಂಡಕ್ಕೆ ಇಳಿದಿರಲಿಲ್ಲ, ಆದರೆ ಕೆಟ್ಟ ಜಾತಿಯದು. ಒಂದು ಸಲ ಕೆರೆದು ತೆಗೆದು, ಕ್ಷಯದ ಲಸಿಕೆಯ ಮದ್ದನ್ನು ಕೊಳವೆಯಲ್ಲಿ ಮೂತ್ರಕೋಶದೊಳಕ್ಕೆ ಬಿಟ್ಟು ನೋಡಿದ್ದಾಗಿತ್ತು. ಮತ್ತೆ ಚಿಗುರಿತ್ತು. ಅದೇ ಮದ್ದನ್ನು ಇನ್ನೊಂದು ಸುತ್ತು ಬಿಟ್ಟು ಕಾಯಬಹುದು. ಇಲ್ಲವೇ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕಟ್ಟಬಹುದು. ಚಿಕಿತ್ಸೆ ಕೊಡುವ ಡಾಕ್ಟರು ಎರಡನ್ನೂ ಬಿಡಿಸಿ ಹೇಳಿ, ಮಂಗಳವಾರ ಉತ್ತರ ತನ್ನಿ ಎಂದಿದ್ದರು.

ಭಾನುವಾರ ಫ್ರೆಸಿಯಾ ಅಕ್ಕನನ್ನು ನೋಡಲು ಊರಿನ ಸ್ನಾನದ ತೀರಕ್ಕೆ ಹೋದಳು. ಹೇಳಿಬಿಡಬೇಕು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಮರಳಿಗೆ ಕಾಲಿಟ್ಟು ನೋಡಿದರೆ, ಅಕ್ಕ ಈಜುಡುಗೆಯಲ್ಲಿ ನಿಂತಿದ್ದಳು. ತೋಳು ಬರಿದು, ಬೆನ್ನು ಸೊಂಟದವರೆಗೂ ಬರಿದು. ನಡು ಬಿಸಿಲಿನಲ್ಲಿ, ಅಷ್ಟು ಜನರ ನಡುವೆ, ಚುಕ್ಕೆಗಳೆಲ್ಲ ಎದ್ದು ಕಾಣುತ್ತಿದ್ದವು. ಅರವತ್ತು ದಾಟಿದ ಈ ಹೆಂಗಸು ಉದ್ದ ತೋಳಿನ ಅಂಗಿಯಿಲ್ಲದೆ ಬೀದಿಗಾಗಲಿ ನೀರಿಗಾಗಲಿ ಇಳಿದದ್ದನ್ನು ಫ್ರೆಸಿಯಾ ಒಮ್ಮೆಯೂ ನೋಡಿರಲಿಲ್ಲ.

"ಬಂದ್ಯೇನೇ ಹೆಣ ಕುಯ್ಯೋಳೇ!" ನೆಲ್ದಾ ಕೂಗಿದಳು. "ಕೈ ತೊಳ್ಕೊಂಡು ಬಂದಿದ್ದೀಯಾ? ತೊಳ್ಕೊಂಡೇ ಬ್ರೆಡ್ಡು ಮುಟ್ಟು."

"ಹೆಣ ಅಲ್ಲ ಅಕ್ಕಾ, ಚೂರು."

"ಚೂರೋ ಪಾರೋ. ಬಾ, ಕೂತ್ಕೋ. ಡಾನ್ ಎಲಿಯೋ ಅಲ್ಬಕೋರಾ ಮೀನು ಹುರ್ಕೊಂಡು ಬಂದಿದ್ದಾರೆ. ಉಪ್ಪು ಹಾಕೋದು ಮರ್ತಿದ್ದಾರೆ. ರೈಲಿನವರಿಗೆ ಕಲ್ಲಿದ್ದಲು ಹಾಕೋದೊಂದೇ ಗೊತ್ತು."

"ಡೀಸೆಲ್ ಇಂಜಿನ್ನು ಕಣಮ್ಮಾ," ಎಂದ ಡಾನ್ ಎಲಿಯೋ, ನೀರಿನಿಂದ ಎದ್ದು ಬರುತ್ತ. ತಾಮ್ರ ಸಾಗಿಸುವ ರೈಲು ಓಡಿಸಿ ನಿವೃತ್ತನಾದ, ಹೆಂಡತಿ ಸತ್ತ ಮನುಷ್ಯ. ವರ್ಷದಿಂದ ನೆಲ್ದಾಳ ಜೊತೆಗಿದ್ದ. ಮುಂಡಾಸಿನಂತೆ ತಲೆಗೆ ಟವೆಲು ಸುತ್ತಿಕೊಂಡು ಫ್ರೆಸಿಯಾಳ ಮುಂದೆ ಕೂತ. "ನಿಮ್ಮಕ್ಕ ನನಗೆ ಈಜು ಕಲಿಸ್ತಿದ್ದಾರೆ. ನೀರಲ್ಲಿ ಹಳಿ ಎಲ್ಲಿದೆ ತೋರಿಸಿ ಅಂದ್ರೆ ಬೈತಾರೆ."

"ಬೈಯದೆ ಏನು? ಮುಳುಗ್ತಾ ಇದ್ರೂ ಸೀಟಿ ಊದೋನ ಹಾಗೆ ಬಾಯಿ ಮಾಡ್ಕೊಂಡಿರ್ತೀರಿ."

ಮೂವರೂ ನಕ್ಕರು. ಮೀನಿಗೆ ನಿಜವಾಗಿಯೂ ಉಪ್ಪಿರಲಿಲ್ಲ. ಡಾನ್ ಎಲಿಯೋ ಎದ್ದು, ಗೂಡಂಗಡಿಯಲ್ಲಿ ಉಪ್ಪು ಕೇಳಿಕೊಂಡು ಬರುತ್ತೇನೆಂದು ಹೋದ.

ಅವನು ದೂರ ಹೋಗುವವರೆಗೂ ನೆಲ್ದಾ ಅವನನ್ನೇ ನೋಡುತ್ತಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ದೀಪ ಆರಿಸಬೇಡ ಅಂದ ಕಣೇ."

"ಯಾರು?"

"ಯಾರು ಅಂತೀಯಲ್ಲ ದಡ್ಡಿ. ಮೊದಲನೇ ಸಲ. ನಾನು ಎಂದಿನ ಹಾಗೆ ದೀಪ ಆರಿಸೋಕೆ ಹೋದೆ. ನಿನ್ನ ಭಾವ ಇದ್ದಷ್ಟು ದಿನವೂ ಕತ್ತಲಲ್ಲೇ ಸಂಸಾರ ಮಾಡಿದ್ದು ತಾನೇ ನಾನು? ಇವನು ಬೇಡ ಅಂದ. ನನ್ನ ಮೈಯೆಲ್ಲ ಹೀಗಿದೆ, ನೋಡಿದ್ರೆ ಓಡ್ತೀಯ ಅಂದೆ. ಏನು ಮಾಡಿದ ಗೊತ್ತಾ? ಎರಡೂ ಅಂಗೈ ಚಾಚಿ ತೋರಿಸಿದ. ಕಾಳು ಕಾಳಾಗಿ ಗಟ್ಟಿ ಕಟ್ಟಿದೆ. ಅಂಗಾಲಲ್ಲೂ ಹಾಗೇ. ನಾವಿಬ್ಬರೂ ಒಂದೇ ನಲ್ಲಿ ನೀರು ಕುಡಿದೋರು, ಸುಮ್ಮನೆ ಮಲಗು ಅಂದ."

ನೆಲ್ದಾ ಬೆರಳಿನಿಂದ ಮರಳಿನಲ್ಲಿ ಗೀಚುತ್ತಿದ್ದಳು. ಮುಖದಲ್ಲಿ ಹದಿನೆಂಟರ ಹುಡುಗಿಯ ನಾಚಿಕೆಯಿತ್ತು. ಹದಿನೆಂಟರಲ್ಲಿ ಅವಳಿಗೆ ಆ ನಾಚಿಕೆ ಬಂದಿರಲಿಲ್ಲ. ಆಗ ಬಂದದ್ದು ಬೇರೆಯ ನಾಚಿಕೆ.

"ಅದಕ್ಕೇ ಇವತ್ತು ಈ ಬಟ್ಟೆ," ಎಂದಳು. "ಅವನೇ ಕೊಡಿಸಿದ್ದು. ಆ ಕಡೆ ಕೂತಿರೋ ಹೆಂಗಸರು ಬೆಳಿಗ್ಗೆಯಿಂದ ನೋಡ್ತಿದ್ದಾರೆ. ನೋಡಲಿ ಬಿಡು."

"ಚೆನ್ನಾಗಿ ಕಾಣ್ತೀಯ ಅಕ್ಕಾ."

"ಸುಳ್ಳಿ." ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಇಷ್ಟು ವರ್ಷ ಮುಚ್ಚಿಟ್ಟ ಮೈ ಇದು ಫ್ರೆಸಿಯಾ. ಈಗ ತಾನೇ ಬಿಸಿಲು ಕಂಡಿದೆ. ಇದರ ಮೇಲೆ ಉಚ್ಚೆಯ ಚೀಲ ತಂದು ಅಂಟಿಸ್ತೀವಿ ಅಂತಾರೆ. ಮತ್ತೆ ದೀಪ ಆರಿಸಬೇಕಾ ನಾನು?"

"ಡಾನ್ ಎಲಿಯೋಗೆ ಹೇಳಿದ್ಯಾ?"

"ಹೇಳಿದೆ. ಚೀಲ ಇದ್ರೇನು, ನನಗೂ ಬಾಯಲ್ಲಿ ಕಟ್ಟಿಸಿದ ಹಲ್ಲಿದೆ, ರಾತ್ರಿ ಲೋಟದಲ್ಲಿ ಹಾಕ್ತೀನಿ ಅಂದ. ಅವನು ಹಾಗನ್ನೋನೇ. ಬೇಜಾರು ಅವನದಲ್ಲ, ನನ್ನದು." ಸಮುದ್ರದ ಕಡೆಗೆ ತಿರುಗಿ ಕೂತಳು. "ಆ ಮದ್ದೇ ಇನ್ನೊಂದು ಸುತ್ತು ಹಾಕಿಸ್ಕೊಳ್ಳೋಣ ಅನ್ಸತ್ತೆ. ಉರಿಯತ್ತೆ, ಆದ್ರೆ ಅಭ್ಯಾಸ ಆಗಿದೆ. ಒಳಗೆ ಬಿಟ್ಟ ಮೇಲೆ ಈ ಮಗ್ಗುಲು, ಆ ಮಗ್ಗುಲು, ಬೋರಲು, ಅಂಗಾತ ಅಂತ ಹೊರಳಿಸ್ತಾರಲ್ಲ, ಸರಳಿಗೆ ಚುಚ್ಚಿದ ಕೋಳಿ ಹಾಗೆ. ಇವನು ಬಾಗಿಲಲ್ಲಿ ನಿಂತ್ಕೊಂಡು, ಇನ್ನೊಂದು ಕಡೆ ಬೆಂದಿಲ್ಲ, ತಿರುಗಿಸಿ ಅಂತಾನೆ."

ಫ್ರೆಸಿಯಾಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಬಿಸಿಲಿನ ಕಡೆಗೆ ಮುಖ ತಿರುಗಿಸಿದಳು.

"ನೀನು ಹೇಳೇ," ಎಂದಳು ನೆಲ್ದಾ. "ನನಗೆ ಯೋಚಿಸಿ ಯೋಚಿಸಿ ಸಾಕಾಗಿದೆ. ನೀನು ತೆಗೆಸು ಅಂದ್ರೆ ತೆಗೆಸ್ತೀನಿ. ಬೇಡ ಅಂದ್ರೆ ಬೇಡ. ಅಲ್ಲೇ ಇರ್ತೀಯ, ಎಲ್ಲಾ ನೋಡ್ತೀಯ."

"ನಾನು ಬಣ್ಣ ಹಾಕೋಳು ಅಕ್ಕಾ. ಓದೋಳಲ್ಲ."

"ಯಾವಾಗಲೂ ಅದೇ ರಾಗ. ಕಟುಕ ಬಂದು, ನಾನು ಮಾಂಸ ತೂಗ್ತೀನಿ ಅಷ್ಟೆ, ಎಳೇದೋ ಬಲಿತದ್ದೋ ಗೊತ್ತಿಲ್ಲ ಅಂದ ಹಾಗಾಯ್ತು." ನೆಲ್ದಾ ಅವಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಚಿಕ್ಕಂದಿನಲ್ಲಿ ಜಡೆ ಹೆಣೆಯುವಾಗ ಹಿಡಿಯುತ್ತಿದ್ದ ಹಾಗೆ. "ನನ್ನದನ್ನ ನೋಡಿದ್ಯಾ?"

ಈಗ ಹೇಳಬಹುದಾಗಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಬಾಯಲ್ಲೇ ಇದ್ದವು. ಅಕ್ಕನ ಕೈ ಒದ್ದೆಯಿತ್ತು, ಉಪ್ಪಿತ್ತು.

"ದಿನಕ್ಕೆ ಎಷ್ಟೋ ಬರತ್ತೆ. ಯಾರದ್ದು ಅಂತ ಹೇಗೆ ಗೊತ್ತಾಗತ್ತೆ? ಹೆಸರಿರಲ್ಲ."

"ಹೌದಾ," ಎಂದು ನೆಲ್ದಾ ಕೈ ತೆಗೆದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. "ಆದ್ರೂ ಹೇಳು. ಗೊತ್ತಿಲ್ದೇನೇ ಹೇಳು. ಮಂಗಳವಾರ ಬೆಳಿಗ್ಗೆ ನಿನ್ನ ಹತ್ರ ಬರ್ತೀನಿ, ಅಲ್ಲಿಂದ ಮೇಲೆ ಡಾಕ್ಟರ ಹತ್ರ ಹೋಗೋಣ. ನೀನು ಏನಂತೀಯೋ ಅದೇ."

ಡಾನ್ ಎಲಿಯೋ ಕಾಗದದ ಪೊಟ್ಟಣದಲ್ಲಿ ಉಪ್ಪು ತಂದ. ನೆಲ್ದಾ ಎದ್ದು, ಮರಳು ಕೊಡವಿಕೊಂಡು, ಊಟಕ್ಕೆ ಮುಂಚೆ ಇನ್ನೊಂದು ಮುಳುಗು ಹಾಕುತ್ತೇನೆಂದು ನೀರಿನ ಕಡೆಗೆ ನಡೆದಳು. ಅವಳ ಬೆನ್ನು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ನೀರು ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ ಏರಿತು. ಆಮೇಲೆ ಮುಂದಕ್ಕೆ ಬಾಗಿ, ಮೈ ಚಾಚಿ, ಮಲಗಿದಳು. ಡಾನ್ ಎಲಿಯೋ ಟವೆಲು ಹಿಡಿದು ದಡದಲ್ಲೇ ನಿಂತ.

"ನಿಮ್ಮಕ್ಕ ಈಜೋದು ನೋಡಿದ್ರೆ ನನಗೆ ಹೆದರಿಕೆ ಆಗತ್ತೆ," ಎಂದ. "ದೂರ ಹೋಗಿಬಿಡ್ತಾರೆ."

ವಾಪಸು ಬರುವಾಗ ಫ್ರೆಸಿಯಾ ಬಸ್ಸು ಹಿಡಿಯಲಿಲ್ಲ. ಸಮುದ್ರದ ಅಂಚಿನ ರಸ್ತೆಯಲ್ಲೇ ನಡೆದಳು. ಒಂದು ಕಡೆ ನೀರು, ಇನ್ನೊಂದು ಕಡೆ ಮನೆಗಳ ಹಿಂದೆ ಬೋಳು ಗುಡ್ಡ. ನೂರು ಜನರನ್ನು ಸಾಲಾಗಿ ನಿಲ್ಲಿಸುವ ಡಾಕ್ಟರ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅವಳ ಮುಂದೆ ನೂರು ಜನರಿರಲಿಲ್ಲ. ಒಬ್ಬಳೇ ಇದ್ದಳು, ಸೊಂಟದವರೆಗೆ ನೀರಿನಲ್ಲಿ.

ಕಂದಿನ ವಿಷಯ ಹೇಳಿದರೆ ಅಕ್ಕ ತೆಗೆಸಿಕೊಳ್ಳುತ್ತಾಳೆ, ನಿಜ. ಆದರೆ ಹೇಳಿದ ಮೇಲೆ ಆ ಮಾತು ಅವಳ ಮೈಯಿಂದ ಹೋಗುವುದಿಲ್ಲ. ಮೂತ್ರಕೋಶ ಹೋದರೂ ಹೋಗುವುದಿಲ್ಲ. ಬೆನ್ನು ನೋವು ಬಂದರೆ, ಕೆಮ್ಮು ಬಂದರೆ, ಆ ಬಣ್ಣ ಎಲ್ಲಿಗೆ ಹರಡಿತೋ ಎಂದು ತಡಕಿಕೊಳ್ಳುತ್ತ ಕೂರುತ್ತಾಳೆ. ಹೇಳದೆ, ನಿನ್ನಿಷ್ಟ ಅಂದುಬಿಟ್ಟರೆ, ಈ ಬೇಸಿಗೆಯೆಲ್ಲ ಈಜುತ್ತಾಳೆ. ಮುಂದಿನ ಬೇಸಿಗೆಯ ಮಾತು ಡಾಕ್ಟರ್ ಪಾವೆಸಳಿಗೂ ಗೊತ್ತಿಲ್ಲ. ಏನೂ ಆಗದೆ ಇರಬಹುದು. ಕಂದಾಗಿಯೂ ಬದುಕಿದವರು ಇದ್ದಾರೆ. ತೆಗೆಸಿದರೆ ಅದೂ ಎಂದಿಗೂ ತಿಳಿಯುವುದಿಲ್ಲ. ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂದು ತೋರಿಸುವ ಬಣ್ಣ ಯಾವ ಬಾಟಲಿಯಲ್ಲೂ ಇಲ್ಲ. ಅಕ್ಕನ ಆ ಬರಿಯ ಬೆನ್ನನ್ನು ಸುಮ್ಮಸುಮ್ಮನೆ ಮತ್ತೆ ಬಟ್ಟೆಯೊಳಕ್ಕೆ ಕಳಿಸಿದೆನೇನೋ ಎಂಬ ಅನುಮಾನ ತನಗೆ ಸಾಯುವವರೆಗೂ ಉಳಿಯುತ್ತದೆ.

ಮೀನುಗಾರರ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಕಡಲಸಿಂಹವೊಂದು ಕಟ್ಟೆಯ ಕೆಳಗೆ ಬಾಯ್ದೆರೆದು ಕಾಯುತ್ತಿತ್ತು. ಯಾರೋ ಮೀನಿನ ತಲೆ ಎಸೆದರು.

ಮನೆಗೆ ಬಂದಾಗ ಗಂಡ ವಾಲ್ದೋ ಚಹಾಕ್ಕೆ ಮೇಜು ಸಿದ್ಧಮಾಡುತ್ತಿದ್ದ. ಬ್ರೆಡ್ಡು ಸೀಳಿ, ಬೆಣ್ಣೆಹಣ್ಣು ಹಿಸುಕಿ ಇಟ್ಟಿದ್ದ.

"ಹೇಗಿದ್ದಾಳೆ ನಿಮ್ಮಕ್ಕ? ಏನು ಮಾಡ್ತಾಳಂತೆ?"

"ಚೆನ್ನಾಗಿದ್ದಾಳೆ," ಎಂದಳು ಫ್ರೆಸಿಯಾ. "ಈಜ್ತಾಳೆ."

"ಮತ್ತೆ ಮಂಗಳವಾರ?"

"ಇನ್ನೂ ಯೋಚಿಸ್ತಿದ್ದಾಳೆ."

ಅವಳು ಕೈ ತೊಳೆಯಲು ಹೋದಳು. ನಲ್ಲಿ ತಿರುಗಿಸಿ, ನೀರು ಬೆರಳುಗಳ ಮೇಲೆ ಹರಿಯಲು ಬಿಟ್ಟು ನಿಂತಳು. ಮಂಗಳವಾರ ಬೆಳಿಗ್ಗೆ ಅಕ್ಕನಿಗೆ ತೆಗೆಸು ಎನ್ನುತ್ತಾಳೆ. ಯಾಕೆ, ಏನು ನೋಡಿದೆ ಎಂದು ಅಕ್ಕ ಕೇಳುತ್ತಾಳೆ, ಗಲ್ಲ ಹಿಡಿದೇ ಕೇಳುತ್ತಾಳೆ. ಏನೂ ನೋಡಿಲ್ಲ, ನನಗೆ ಹಾಗನ್ನಿಸಿತು, ಅಷ್ಟೇ ಎನ್ನುತ್ತಾಳೆ ಫ್ರೆಸಿಯಾ. ಚೀಲ ಸೋರಿದ ದಿನ, ಈಜುಡುಗೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದ ದಿನ ಅಕ್ಕ ಬೈಯುತ್ತಾಳೆ. ಬೈಯಲಿ. ತನ್ನ ಮೈಗೇ ಹೆದರಿಕೊಂಡು ಕೂರುವುದಕ್ಕಿಂತ ತಂಗಿಯ ಮೇಲೆ ಸಿಟ್ಟಾಗಿರುವುದು ಅವಳಿಗೆ ಹಗುರ.

"ಚಹಾ ಆರತ್ತೆ," ಎಂದು ವಾಲ್ದೋ ಕೂಗಿದ.

"ಬಂದೆ," ಎಂದಳು, ನಲ್ಲಿ ನಿಲ್ಲಿಸಿ.